ಮಂಜಿನಲ್ಲಿ ಅಳೆದ ಅಂತರ

ಮುಂಬೈನ ಜುಹುವಿನಿಂದ ಬಳ್ಳಾರಿಗೆ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ಒಂದು ಗೆರೆ ಎಳೆದರೆ, ಬಳ್ಳಾರಿ ಇನ್ನೂ ನೂರು ಕಿಲೋಮೀಟರ್ ಇದೆ ಎನ್ನುವಾಗ ಅದು ಕುಷ್ಟಗಿಯ ಆಸುಪಾಸಿನಲ್ಲೇ ಹಾಯುತ್ತದೆ. ಕುಷ್ಟಗಿಗೆ ರೈಲು ಬಂದದ್ದು 2025ರ ಮೇ ತಿಂಗಳಲ್ಲಿ. ವಿಮಾನದ ದಾರಿ ಮಾತ್ರ ಅದಕ್ಕಿಂತ ತೊಂಬತ್ತಕ್ಕೂ ಹೆಚ್ಚು ವರ್ಷ ಮೊದಲೇ ಈ ಸೀಮೆಯ ಮೇಲೆ ಬಿದ್ದಿತ್ತು.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಒಂಟಿ ಎಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಇಪ್ಪತ್ತೈದು ಕಿಲೋ ಅಂಚೆ ಹೊತ್ತು ಹೊರಟು, ಅಹಮದಾಬಾದಿನಲ್ಲಿ ಇಳಿದು, ಜುಹುವಿನ ಬಯಲಿಗೆ ಬಂದರು. ಅಲ್ಲಿಂದ ಮದರಾಸಿನವರೆಗೆ ಅಂಚೆ ಒಯ್ಯುವ ಕೆಲಸ ಅವರ ಜೊತೆಗಾರ ನೆವಿಲ್ ವಿನ್ಸೆಂಟ್‌ರದು. ಬ್ರಿಟಿಷ್ ವಾಯುಪಡೆಯಲ್ಲಿ ಪಳಗಿದ ಈ ಪೈಲಟ್ ನಡುವೆ ಇಳಿಯುತ್ತಿದ್ದ ಊರು ಬಳ್ಳಾರಿ. ಆಗ ಬಳ್ಳಾರಿ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು; ಕುಷ್ಟಗಿ ನಿಜಾಮರ ರಾಯಚೂರು ಜಿಲ್ಲೆಯ ತಾಲ್ಲೂಕಾಗಿತ್ತು. ಜುಹುವಿನಿಂದ ಬಳ್ಳಾರಿಗೆ ಸುಮಾರು 600 ಕಿಲೋಮೀಟರ್. ಪುಸ್ ಮಾತ್‌ನ ವೇಗಕ್ಕೆ ಅದು ಹೆಚ್ಚುಕಡಿಮೆ ನಾಲ್ಕು ತಾಸಿನ ಹಾದಿ. ರೇಡಿಯೋ ಇಲ್ಲ. ಕೆಳಗೆ ಕಾಣುವ ಹೊಳೆ, ಗುಡ್ಡ, ರೈಲು ಹಳಿಗಳೇ ದಾರಿ ತೋರಿಸಬೇಕು. ಕೃಷ್ಣಾ ದಾಟಿದ ಮೇಲೆ ಎರೆ ಹೊಲಗಳು, ಅದರಾಚೆ ಮಸಾರಿ ನೆಲ, ಆಮೇಲೆ ತುಂಗಭದ್ರೆ.

ಆ ಅಂಚೆ ವಿಮಾನ ವಾರಕ್ಕೊಮ್ಮೆ ಹಾರುತ್ತಿತ್ತು. ಮಳೆಗಾಲದಲ್ಲಿ ಜುಹುವಿನ ಬಯಲಿಗೆ ನೀರು ನುಗ್ಗಿದರೆ ಕೆಲಸವೆಲ್ಲ ಪುಣೆಗೆ. ಮುಗಿಲು ಕೆಳಗಿಳಿದಾಗ ಗುಡ್ಡಕ್ಕೆ ಬಡಿಯುವ ಭಯ ಇತ್ತು, ಹೊಲದಲ್ಲಿ ಇಳಿಯಬೇಕಾದೀತೆಂಬ ಭಯ ಇತ್ತು. ಎದುರಿಗೆ ಇನ್ನೊಂದು ವಿಮಾನ ಬಂದೀತು ಎಂಬ ಭಯ ಮಾತ್ರ ಇರಲಿಲ್ಲ, ಏಕೆಂದರೆ ಆ ಹಾದಿಯಲ್ಲಿ ಇನ್ನೊಂದು ವಿಮಾನವೇ ಇರಲಿಲ್ಲ. ದಖ್ಖನಿನ ಆಕಾಶದಲ್ಲಿ ಎರಡು ವಿಮಾನಗಳ ನಡುವಿನ ಅಂತರವನ್ನು ಯಾರೂ ಅಳೆಯಬೇಕಿರಲಿಲ್ಲ. ಖಾಲಿತನವೇ ಕಾವಲುಗಾರ. ಮುಂದೆ ಈ ಮಾರ್ಗದಲ್ಲಿ ಬಳ್ಳಾರಿಯ ಜಾಗಕ್ಕೆ ಹೈದರಾಬಾದ್ ಬಂತು. ಆ ಹಾದಿ ಈ ಸೀಮೆಯಿಂದ ಪೂರ್ವಕ್ಕೆ ಸರಿಯಿತು.

ಯುರೋಪಿನಲ್ಲಿ ಅಷ್ಟು ಹೊತ್ತಿಗೆ ಆ ಖಾಲಿತನ ಮುಗಿದು ಹತ್ತು ವರ್ಷವಾಗಿತ್ತು. 1922ರ ಏಪ್ರಿಲ್ 7ರಂದು ಫ್ರಾನ್ಸಿನ ಪಿಕಾರ್ಡಿಯಲ್ಲಿ ತುಂತುರು ಮಳೆ, ಮಂಜು. ಲಂಡನ್ನಿನ ಕ್ರಾಯ್ಡನ್‌ನಿಂದ ಪ್ಯಾರಿಸ್‌ಗೆ ಅಂಚೆ ಒಯ್ಯುತ್ತಿದ್ದ ಬ್ರಿಟಿಷ್ ವಿಮಾನದ ಪೈಲಟ್ ದಾರಿ ತಪ್ಪಬಾರದೆಂದು ಕೆಳಗಿನ ಹೆದ್ದಾರಿಯನ್ನೇ ಹಿಡಿದು ತೀರ ಕೆಳಮಟ್ಟದಲ್ಲಿ ಹಾರುತ್ತಿದ್ದ. ಪ್ಯಾರಿಸ್ ಕಡೆಯಿಂದ ಪ್ರಯಾಣಿಕರನ್ನು ಹೊತ್ತು ಬರುತ್ತಿದ್ದ ಫ್ರೆಂಚ್ ಫಾರ್ಮನ್ ಗೋಲಿಯಾತ್‌ನ ಪೈಲಟ್ಟೂ ಅದೇ ಕಾರಣಕ್ಕೆ ಅದೇ ರಸ್ತೆ ಹಿಡಿದಿದ್ದ. ಇಬ್ಬರೂ ತಮ್ಮ ಮಟ್ಟಿಗೆ ಜಾಣತನವನ್ನೇ ಮಾಡಿದ್ದರು. ಒಬ್ಬರನ್ನೊಬ್ಬರು ಕಂಡಾಗ ತಿರುಗಿಸಲು ಸಮಯ ಉಳಿದಿರಲಿಲ್ಲ. ಏಳು ಜನ ಸತ್ತರು. ಪ್ರಯಾಣಿಕ ವಿಮಾನಗಳು ಆಕಾಶದಲ್ಲಿ ಡಿಕ್ಕಿ ಹೊಡೆದದ್ದು ಅದೇ ಮೊದಲು. ಆಮೇಲೆ ವಿಮಾನ ಕಂಪನಿಗಳವರು ಕ್ರಾಯ್ಡನ್‌ನಲ್ಲಿ ಕುಳಿತು, ರಸ್ತೆಯ ಮೇಲೆ ಹಾರುವವರು ಬಲಗಡೆ ಇರಬೇಕು ಎಂಬ ಕಟ್ಟಳೆಗೆ ಒಪ್ಪಿದರು.

ಅದೇ ಕ್ರಾಯ್ಡನ್‌ನಲ್ಲಿ ಒಂದು ಹೊಸ ಉದ್ಯೋಗವೂ ಹುಟ್ಟಿತು. ಗೋಪುರದಲ್ಲಿ ಕುಳಿತವರು ನಕ್ಷೆಯ ಮೇಲೆ ಗುಂಡುಸೂಜಿ ಚುಚ್ಚಿ, ರೇಡಿಯೋ ದನಿ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಪತ್ತೆ ಹಚ್ಚಿ, ಯಾವ ವಿಮಾನ ಎಲ್ಲಿದೆ ಎಂದು ಗುರುತು ಹಾಕುತ್ತಿದ್ದರು. ಪೈಲಟ್‌ಗೆ ಕಾಣದ್ದನ್ನು ನೆಲದ ಮೇಲಿರುವ ಮನುಷ್ಯ ಲೆಕ್ಕದಲ್ಲಿ ಕಂಡು ಹೇಳುವುದು ಎಂಬ ವ್ಯವಸ್ಥೆ ಅಲ್ಲಿಂದ ಶುರು. ಇವತ್ತು ನಾವು ಏರ್ ಟ್ರಾಫಿಕ್ ಕಂಟ್ರೋಲ್ (ಎಟಿಸಿ) ಎನ್ನುವುದರ ಬೇರು ಈ ಸೂಜಿಗಳಲ್ಲಿದೆ.

ಭಾರತದಲ್ಲಿ ಹಲವು ಅಂಚೆ ವಿಮಾನಗಳು ಕತ್ತಲಲ್ಲಿ ಒಂದೇ ನೆಲಕ್ಕೆ ಬಂದು ಸೇರುವ ಪ್ರಸಂಗ ಎದುರಾದದ್ದು ಸ್ವಾತಂತ್ರ್ಯದ ನಂತರ. 1949ರಲ್ಲಿ ರಾತ್ರಿ ಅಂಚೆ ವಿಮಾನ ಸೇವೆ ಆರಂಭವಾಯಿತು. ದೆಹಲಿ, ಮುಂಬೈ, ಕಲ್ಕತ್ತಾ, ಮದರಾಸುಗಳಿಂದ ಡಕೋಟಾ ವಿಮಾನಗಳು ಹೊರಟು ಮಧ್ಯರಾತ್ರಿಯ ಹೊತ್ತಿಗೆ ನಾಗಪುರದಲ್ಲಿ ಸೇರಬೇಕು, ಚೀಲಗಳನ್ನು ಅದಲುಬದಲು ಮಾಡಿಕೊಂಡು ಮರಳಬೇಕು. ಒಂದೂರಿನ ಸಂಜೆಯ ಕಾಗದ ಇನ್ನೊಂದೂರಿಗೆ ಬೆಳಿಗ್ಗೆ ತಲುಪುವ ಸೊಗಸು ಜನರಿಗೆ ಕಂಡಿತು. ನಾಲ್ಕು ದಿಕ್ಕಿನಿಂದ ಬರುವ ವಿಮಾನಗಳನ್ನು ಒಂದೇ ರನ್‌ವೇಗೆ ಸಾಲಾಗಿ ಇಳಿಸಿಕೊಳ್ಳುವ ಕಷ್ಟ ಗೋಪುರದವರಿಗೆ ಮಾತ್ರ ಗೊತ್ತಿತ್ತು.

ರಾಡಾರ್ ಇಲ್ಲದ ಆ ಕಾಲದಲ್ಲಿ ಕಂಟ್ರೋಲರ್‌ನ ಮುಂದೆ ಇರುತ್ತಿದ್ದದ್ದು ಬೆರಳಗಲದ ಕಾಗದದ ಪಟ್ಟಿಗಳು. ಒಂದೊಂದು ವಿಮಾನಕ್ಕೆ ಒಂದೊಂದು ಸ್ಟ್ರಿಪ್. ಅದನ್ನು ಒಂದು ಹಿಡಿಕೆಗೆ ಸಿಕ್ಕಿಸಿ, ಎತ್ತರದ ಕ್ರಮದಲ್ಲಿ ಒಂದರ ಕೆಳಗೊಂದು ಜೋಡಿಸಬೇಕು. ಮೇಲೆ ಮೋಡದೊಳಗೆ ವಿಮಾನಗಳು ರೇಡಿಯೋ ದೀಪಸ್ತಂಭವೊಂದರ ಸುತ್ತ ಸುತ್ತುತ್ತಿರುತ್ತವೆ. ಒಂದು 3,000 ಅಡಿಯಲ್ಲಿ, ಮೇಲಿನದು 4,000ದಲ್ಲಿ, ಅದರ ಮೇಲಿನದು 5,000ದಲ್ಲಿ. ಎಲ್ಲಕ್ಕಿಂತ ಕೆಳಗಿನದಕ್ಕೆ ಇಳಿಯಲು ಅಪ್ಪಣೆ ಸಿಗುತ್ತದೆ. ಅದು ತನ್ನ ಮೆಟ್ಟಿಲು ಬಿಟ್ಟೆ ಎಂದು ಹೇಳಿದ ಮೇಲಷ್ಟೇ ಮೇಲಿನವನಿಗೆ ಒಂದು ಮೆಟ್ಟಿಲು ಇಳಿ ಎನ್ನಬೇಕು. ಪೆನ್ಸಿಲ್ಲಿನಿಂದ ಹಳೆಯ ಎತ್ತರಕ್ಕೆ ಗೀಟು ಎಳೆದು ಹೊಸದನ್ನು ಬರೆಯಬೇಕು. ಇಳಿದದ್ದರ ಪಟ್ಟಿಯನ್ನು ಹೊರಗೆ ತೆಗೆಯಬೇಕು. ಇಬ್ಬರ ನಡುವೆ ಸಾವಿರ ಅಡಿ ಖಾಲಿ ಇದೆ ಎಂಬುದಕ್ಕೆ ಆ ಪಟ್ಟಿಯ ಮೇಲಿನ ಬರಹವೇ ಸಾಕ್ಷಿ. ಬರಹ ಸುಳ್ಳಾದರೆ ಅಂತರವೂ ಸುಳ್ಳು.

ನೆಲದ ಮೇಲೆ ಓಡುವವರಿಗೆ ಮಂಜು ಇಷ್ಟು ಕಷ್ಟ ಕೊಡುವುದಿಲ್ಲ. ಕುಷ್ಟಗಿಯನ್ನು ಹಾದುಹೋಗುವ ಸೊಲ್ಲಾಪುರ ಹೆದ್ದಾರಿಯಲ್ಲಿ ಡಿಸೆಂಬರ್ ನಸುಕಿನ ಮಂಜು ಕವಿದರೆ ಲಾರಿಯವ ದೀಪ ಮಿಣಕಿಸಿ ಧಾಬಾದ ಮುಂದೆ ಗಾಡಿ ನಿಲ್ಲಿಸಿ ಚಹಾ ಕುಡಿಯಬಹುದು. ಇಳಿಯಲು ಹೊರಟ ವಿಮಾನ ನಿಲ್ಲುವಂತಿಲ್ಲ. ತಾಸಿಗೆ 260 ಕಿಲೋಮೀಟರ್ ಆಸುಪಾಸಿನ ವೇಗಕ್ಕಿಂತ ತೀರ ಕೆಳಗಿಳಿಯುವಂತೆಯೂ ಇಲ್ಲ. ರಾಡಾರ್ ಇರುವ ನಿಲ್ದಾಣದ ಸಮೀಪ ಎರಡು ವಿಮಾನಗಳ ನಡುವೆ ಇರಬೇಕಾದ ಕನಿಷ್ಠ ಅಂತರ ಸಾಮಾನ್ಯವಾಗಿ ಮೂರು ನಾಟಿಕಲ್ ಮೈಲು, ಎಂದರೆ ಐದೂವರೆ ಕಿಲೋಮೀಟರ್. ಕೇಳಲು ದೊಡ್ಡದು. ಹಿಂದಿನ ವಿಮಾನಕ್ಕೆ ಅದು ಒಂದು ನಿಮಿಷ ಹದಿನೈದು ಸೆಕೆಂಡಿನ ದಾರಿ.

ಮೋಡದೊಳಗೆ ಇಳಿಯುವಾಗಿನ ಈ ಅಂತರ ಹೇಗೆ ಕಳೆದುಹೋಗುತ್ತದೆ ಎಂಬುದನ್ನು ಜಗತ್ತು ಸ್ಪಷ್ಟವಾಗಿ ಕಂಡದ್ದು 1960ರ ಡಿಸೆಂಬರ್ 16ರಂದು ನ್ಯೂಯಾರ್ಕಿನಲ್ಲಿ. ಯುನೈಟೆಡ್ ಏರ್‌ಲೈನ್ಸ್‌ನ ಡಿಸಿ-8 ಜೆಟ್ ಐಡಲ್‌ವೈಲ್ಡ್ ನಿಲ್ದಾಣಕ್ಕೆ ಬರುತ್ತಿತ್ತು. ಟಿಡಬ್ಲ್ಯುಎಯ ಸೂಪರ್ ಕಾನ್‌ಸ್ಟೆಲೇಶನ್ ಪಕ್ಕದ ಲಾಗಾರ್ಡಿಯಾ ನಿಲ್ದಾಣಕ್ಕೆ ಇಳಿಯುತ್ತಿತ್ತು. ಹಿಮ, ಮಳೆ, ಮೋಡ. ಡಿಸಿ-8 ಒಂದು ನಿಗದಿತ ಬಿಂದುವಿನಲ್ಲಿ ಸುತ್ತು ಹಾಕುತ್ತ ಕಾಯಬೇಕಿತ್ತು. ಅದು ಆ ಬಿಂದುವನ್ನು ಹತ್ತು ಮೈಲಿಗೂ ಹೆಚ್ಚು ದಾಟಿ ಇನ್ನೊಂದು ವಿಮಾನದ ದಾರಿಗೆ ನುಗ್ಗಿತು. ಅದರ ಎರಡು ರೇಡಿಯೋ ದಿಕ್ಸೂಚಕಗಳಲ್ಲಿ ಒಂದು ಕೆಟ್ಟಿತ್ತು. ಆ ಮಾತನ್ನು ಪೈಲಟ್‌ಗಳು ತಮ್ಮ ಕಂಪನಿಗೆ ರೇಡಿಯೋದಲ್ಲಿ ತಿಳಿಸಿದ್ದರು, ಕಂಟ್ರೋಲರ್‌ಗೆ ತಿಳಿಸಿರಲಿಲ್ಲ. ತಿಳಿದಿದ್ದರೆ ಅವನು ಆ ವಿಮಾನದ ಮೇಲೆ ಹೆಚ್ಚು ಕಣ್ಣಿಡುತ್ತಿದ್ದನೋ ಏನೋ. ಬ್ರೂಕ್ಲಿನ್ನಿನ ಬೀದಿಯಲ್ಲಿ ಬಿದ್ದ ಅವಶೇಷದಡಿ ಸತ್ತವರೂ ಸೇರಿ 134 ಜನ ಹೋದರು. ನಿಲ್ದಾಣಗಳ ಸಮೀಪ ಹತ್ತು ಸಾವಿರ ಅಡಿಗಿಂತ ಕೆಳಗೆ ತಾಸಿಗೆ 250 ನಾಟಿಕಲ್ ಮೈಲಿಗಿಂತ ವೇಗವಾಗಿ ಹಾರಬಾರದು ಎಂಬ ನಿಯಮ ಅಮೆರಿಕದಲ್ಲಿ ಬಂದದ್ದು ಅದರ ಬೆನ್ನಿಗೆ.

ಮಂಜನ್ನೇ ಖಳನಾಯಕನನ್ನಾಗಿ ಮಾಡುವುದು ಸುಲಭ. ಆದರೆ ಈ ಚರಿತ್ರೆಯನ್ನು ಒಂದೊಂದೇ ಪ್ರಕರಣವಾಗಿ ಓದುತ್ತ ಹೋದರೆ ಮಂಜಿಗಿಂತ ಹೆಚ್ಚು ಸಲ ಎದುರಾಗುವುದು ತಲುಪದೆ ಹೋದ ಮಾತು. ಕಾಣದಿರುವುದು ಮೊದಲೇ ಗೊತ್ತಿರುವ ಸಂಗತಿ. ಅದಕ್ಕೆಂದೇ ನಿಯಮಗಳಿವೆ, ಯಂತ್ರಗಳಿವೆ. ಒಬ್ಬನಿಗೆ ಗೊತ್ತಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲ ಎಂಬುದು ಮಾತ್ರ ಯಾವ ಪರದೆಯ ಮೇಲೂ ಮೂಡುವುದಿಲ್ಲ.

ನಮ್ಮ ಕಡೆಗೆ ಬಂದರೆ, ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ಪ್ರಯಾಣಿಕರಿಗಾಗಿ ಹುಟ್ಟಿದ್ದಲ್ಲ. ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ 1940ರಲ್ಲಿ ಕಟ್ಟಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಹಾರಾಟದ ನೆಲ ಅದು. ಮುಂದೆ ಅದೇ ರನ್‌ವೇಯನ್ನು ಎಚ್‌ಎಎಲ್‌ನ ಪರೀಕ್ಷಾ ವಿಮಾನಗಳು, ವಾಯುಪಡೆಯ ವಿಮಾನಗಳು, ಪ್ರಯಾಣಿಕ ವಿಮಾನಗಳು ಹಂಚಿಕೊಂಡವು. ಉತ್ತರಕ್ಕೆ ಯಲಹಂಕದಲ್ಲಿ ವಾಯುಪಡೆಯ ನೆಲೆ, ನಡುವೆ ಜಕ್ಕೂರಿನಲ್ಲಿ ಹಾರಾಟ ಕಲಿಸುವ ಸರ್ಕಾರಿ ಶಾಲೆ. ಹೀಗೆ ಒಂದೇ ಊರಿನ ಮೇಲಿನ ಆಕಾಶದಲ್ಲಿ ಕಲಿಯುವವನು, ಪರೀಕ್ಷಿಸುವವನು, ಕಾವಲು ಕಾಯುವವನು, ಊರಿಗೆ ಮರಳುವ ಪ್ರಯಾಣಿಕ ಎಲ್ಲರೂ ಇದ್ದರು. ಇವರೆಲ್ಲರನ್ನೂ ಬೇರೆ ಬೇರೆ ಇಟ್ಟುಕೊಂಡು ದಶಕಗಳ ಕಾಲ ನಡೆದ ಆ ಕೆಲಸಕ್ಕೆ ಯಾರೂ ಹಾಡು ಕಟ್ಟಿಲ್ಲ.

ಅಲ್ಲಿ ನಡೆದ ದೊಡ್ಡ ದುರಂತಕ್ಕೂ ಮಂಜಿಗೂ ಸಂಬಂಧವಿಲ್ಲ. 1990ರ ಫೆಬ್ರುವರಿ 14ರಂದು ಮುಂಬೈನಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ 320 ನಡುಹಗಲ ಬಿಸಿಲಿನಲ್ಲಿ, ರನ್‌ವೇ ಕಣ್ಣೆದುರಿಗಿರುವಾಗಲೇ, ಗಾಲ್ಫ್ ಮೈದಾನಕ್ಕೆ ಬಡಿಯಿತು. ವಿಮಾನದಲ್ಲಿದ್ದ 146 ಜನರಲ್ಲಿ 92 ಮಂದಿ ಸತ್ತರು. ಎಂಜಿನ್‌ಗಳು ಕನಿಷ್ಠ ಶಕ್ತಿಗೆ ಇಳಿದಿದ್ದವು, ವೇಗ ಕುಸಿಯುತ್ತಿತ್ತು, ಕಾಕ್‌ಪಿಟ್‌ನಲ್ಲಿ ಅದನ್ನು ಗಮನಿಸುವಷ್ಟರಲ್ಲಿ ತಡವಾಗಿತ್ತು. ಕಣ್ಣು ಚೆನ್ನಾಗಿ ಕಂಡರೆ ಸಾಕು ಎನ್ನುವವರು ನೆನಪಿಡಬೇಕಾದ ಅಪಘಾತ ಇದು.

ಇಡೀ ದೇಶದ ಆಕಾಶ ನಿಯಂತ್ರಣವನ್ನೇ ಬದಲಿಸಿದ ಘಟನೆ ನಡೆದದ್ದು 1996ರ ನವೆಂಬರ್ 12ರ ಸಂಜೆ, ಹರಿಯಾಣದ ಚರ್ಖಿ ದಾದ್ರಿಯ ಹೊಲಗಳ ಮೇಲೆ. ಕಝಾಕಿಸ್ತಾನದ ಇಲ್ಯೂಷಿನ್-76 ದೆಹಲಿಗೆ ಇಳಿಯಲು ಬರುತ್ತಿತ್ತು. ಸೌದಿಯಾದ ಬೋಯಿಂಗ್ 747 ಆಗಷ್ಟೇ ದೆಹಲಿ ಬಿಟ್ಟು ಏರುತ್ತಿತ್ತು. ಅದರಲ್ಲಿ ಸೌದಿಗೆ ದುಡಿಯಲು ಹೊರಟವರೇ ಹೆಚ್ಚು. ಬರುವವರಿಗೂ ಹೋಗುವವರಿಗೂ ಆಗ ಒಂದೇ ಓಣಿ. ಇಳಿಯುವ ವಿಮಾನಕ್ಕೆ 15,000 ಅಡಿಗೆ ನಿಲ್ಲಲು ಹೇಳಲಾಗಿತ್ತು, ಏರುವ ವಿಮಾನಕ್ಕೆ 14,000ಕ್ಕೆ. ನಡುವೆ ಸಾವಿರ ಅಡಿ. ಎದುರಿನಿಂದ ಸೌದಿಯಾ ಬರುತ್ತಿದೆ, ಇಷ್ಟು ಮೈಲಿ ದೂರದಲ್ಲಿದೆ ಎಂದು ಕಂಟ್ರೋಲರ್ ಕಝಕ್ ವಿಮಾನವನ್ನು ಎಚ್ಚರಿಸಿಯೂ ಇದ್ದ. ಆದರೆ ದೆಹಲಿಯ ಪರದೆಯ ಮೇಲೆ ಚುಕ್ಕೆಗಳು ಕಾಣುತ್ತಿದ್ದವೇ ಹೊರತು ಅವುಗಳ ಎತ್ತರ ಕಾಣುತ್ತಿರಲಿಲ್ಲ. ಎತ್ತರ ತೋರಿಸುವ ಸೆಕೆಂಡರಿ ರಾಡಾರ್ ಇನ್ನೂ ಬಳಕೆಗೆ ಬಂದಿರಲಿಲ್ಲ. ಪೈಲಟ್ ಹೇಳಿದ್ದೇ ಎತ್ತರ.

ಕಝಕ್ ವಿಮಾನದಲ್ಲಿ ನೆಲದವರೊಡನೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವನು ರೇಡಿಯೋ ಆಪರೇಟರ್. ಅವನ ಮುಂದೆ ಸ್ವಂತದ ಎತ್ತರಮಾಪಕ ಇರಲಿಲ್ಲ. ವಿಮಾನ ನಡೆಸುವವರು ಮೀಟರ್ ಲೆಕ್ಕದಲ್ಲಿ ಪಳಗಿದವರು. ಆದೇಶ ಬರುತ್ತಿದ್ದದ್ದು ಅಡಿಯಲ್ಲಿ. ಮೋಡದೊಳಗೆ ವಿಮಾನ 15,000 ಅಡಿಯಲ್ಲಿ ನಿಲ್ಲದೆ ಇನ್ನೂ ಇಳಿಯಿತು. 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆಕಾಶದಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ ಇಷ್ಟು ಜನ ಸತ್ತದ್ದು ಇನ್ನೆಲ್ಲೂ ಇಲ್ಲ. ನ್ಯಾಯಮೂರ್ತಿ ಆರ್.ಸಿ. ಲಹೋಟಿ ನೇತೃತ್ವದ ವಿಚಾರಣೆ ಕಝಕ್ ಸಿಬ್ಬಂದಿ ಅನುಮತಿ ಇಲ್ಲದ ಎತ್ತರಕ್ಕೆ ಇಳಿದದ್ದೇ ಕಾರಣ ಎಂದಿತು. ಆಮೇಲೆ ದೆಹಲಿಯಲ್ಲಿ ಬರುವ ಓಣಿ, ಹೋಗುವ ಓಣಿ ಬೇರೆಯಾದವು. ಎದುರು ವಿಮಾನ ಹತ್ತಿರವಾದರೆ ಪೈಲಟ್‌ಗೇ ನೇರವಾಗಿ 'ಏರು', 'ಇಳಿ' ಎಂದು ಕೂಗಿ ಹೇಳುವ ಟಿಕ್ಯಾಸ್ ಯಂತ್ರ ಭಾರತದಲ್ಲಿ ಹಾರುವ ದೊಡ್ಡ ವಿಮಾನಗಳಿಗೆ ಕಡ್ಡಾಯವಾಯಿತು.

ಟಿಕ್ಯಾಸ್ ಬಗ್ಗೆ ಸಾಮಾನ್ಯವಾಗಿ ಯಾರೂ ಹೇಳದ ಒಂದು ಮಾತಿದೆ. ನೆಲ ಸಾವಿರ ಅಡಿ ಇರುವಾಗ ಅದು ಆದೇಶ ಕೊಡುವುದನ್ನು ನಿಲ್ಲಿಸಿಬಿಡುತ್ತದೆ. ಅಷ್ಟು ಕೆಳಗೆ 'ಇಳಿ' ಎಂದು ಕೂಗಿದರೆ ಗುಡ್ಡಕ್ಕೋ ಕಟ್ಟಡಕ್ಕೋ ಬಡಿಯುವ ಅಪಾಯ ಹೆಚ್ಚು. ಹಾಗಾಗಿ ರನ್‌ವೇಯ ಕಡೆಯ ಐದಾರು ಕಿಲೋಮೀಟರ್‌ಗಳಲ್ಲಿ, ಮಂಜು ದಟ್ಟವಾಗಿ ಕುಳಿತಿರುವ ಆ ಮಟ್ಟದಲ್ಲೇ, ಅಂತರ ಕಾಯುವ ಹೊಣೆ ಮತ್ತೆ ಗೋಪುರದ ಮನುಷ್ಯನ ಮೇಲೆ ಬರುತ್ತದೆ.

2008ರ ಮೇ 24ರಂದು ಬೆಂಗಳೂರಿನ ಪ್ರಯಾಣಿಕ ವಿಮಾನಗಳು ಎಚ್‌ಎಎಲ್ ಬಿಟ್ಟು ದೇವನಹಳ್ಳಿಗೆ ಹೋದವು. ಅಲ್ಲಿ ಜಾಗ ಧಾರಾಳ. ಚಳಿಗಾಲದ ನಸುಕಿನ ಮಂಜೂ ಧಾರಾಳ. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದ ಆ ಬಯಲಿನಲ್ಲಿ ನವೆಂಬರ್‌ನಿಂದ ಫೆಬ್ರುವರಿಯವರೆಗೆ ಎಷ್ಟೋ ಮುಂಜಾವುಗಳಲ್ಲಿ ರನ್‌ವೇಯ ಒಂದು ತುದಿಯಿಂದ ಇನ್ನೊಂದು ತುದಿ ಕಾಣುವುದಿಲ್ಲ. ಹನ್ನೆರಡು ವರ್ಷ ಅಲ್ಲಿನ ಕಟ್ಟಳೆ 550 ಮೀಟರ್ ಆಗಿತ್ತು. ರನ್‌ವೇ ಮೇಲೆ ಅಷ್ಟು ದೂರ ಕಂಡರೆ ಇಳಿಯಬಹುದು, ಇಲ್ಲದಿದ್ದರೆ ಮೇಲೆ ಸುತ್ತಬೇಕು, ಇಂಧನ ತೀರುವ ಮೊದಲು ಚೆನ್ನೈಗೋ ಹೈದರಾಬಾದಿಗೋ ಹೋಗಬೇಕು.

'ಎಷ್ಟು ದೂರ ಕಾಣುತ್ತದೆ' ಎಂಬುದನ್ನು ಹಿಂದೆ ಮನುಷ್ಯನೇ ಅಳೆಯುತ್ತಿದ್ದ. ನಿಗದಿತ ಜಾಗದಲ್ಲಿ ನಿಂತು ರನ್‌ವೇ ಅಂಚಿನ ದೀಪಗಳನ್ನು ಎಣಿಸುವುದು. ದೀಪಗಳು ಅರವತ್ತು ಮೀಟರಿಗೊಂದರಂತೆ ಇದ್ದರೆ ಹತ್ತು ದೀಪ ಕಂಡಾಗ ಇಳಿಯಲು ಬಿಡಬಹುದು, ಒಂಬತ್ತೇ ಕಂಡರೆ ಇಲ್ಲ. ಈಗ ರನ್‌ವೇ ಪಕ್ಕದಲ್ಲಿ ಎದುರುಬದುರು ಎರಡು ಕಂಬ ನೆಟ್ಟು, ಒಂದರಿಂದ ಹೊರಟ ಬೆಳಕು ಇನ್ನೊಂದಕ್ಕೆ ಎಷ್ಟು ಮುಟ್ಟಿತು ಎಂದು ಯಂತ್ರ ಅಳೆಯುತ್ತದೆ. ಭಾರತದಲ್ಲಿ ಈ ಯಂತ್ರವನ್ನು ವಿದೇಶದಿಂದ ತರಿಸುತ್ತಿದ್ದ ಕಾಲದಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ 'ದೃಷ್ಟಿ' ಎಂಬ ಹೆಸರಿನಲ್ಲಿ ಇಲ್ಲಿಯೇ ಅದನ್ನು ತಯಾರಿಸಿತು. ಹವಾಮಾನ ಇಲಾಖೆ ಅದನ್ನು ದೆಹಲಿಯೂ ಸೇರಿ ಹಲವು ನಿಲ್ದಾಣಗಳಲ್ಲಿ ಕೂಡಿಸಿದೆ.

ಮಂಜು ಬಂದರೆ ವಿಮಾನಗಳ ನಡುವಿನ ಅಂತರವನ್ನು ಹೆಚ್ಚಿಸುತ್ತಾರೆ. ಮುಂದಿನದು ಕಾಣುವುದಿಲ್ಲವಲ್ಲ, ಅದಕ್ಕೇ ಎಂದು ಯಾರಾದರೂ ಊಹಿಸಬಹುದು. ಕಾರಣ ಅದಕ್ಕಿಂತ ಸೂಕ್ಷ್ಮ. ರನ್‌ವೇಯ ಆಚೆ ತುದಿಯಲ್ಲಿ ಐಎಲ್‌ಎಸ್ ಎಂಬ ವ್ಯವಸ್ಥೆಯ ಆಂಟೆನಾ ಸಾಲು ಇರುತ್ತದೆ. ನಡುಗೆರೆಯ ಒಂದು ಬದಿಗೆ ಒಂದು ಬಗೆಯ, ಇನ್ನೊಂದು ಬದಿಗೆ ಇನ್ನೊಂದು ಬಗೆಯ ರೇಡಿಯೋ ಸಂಕೇತವನ್ನು ಅದು ಚೆಲ್ಲುತ್ತದೆ. ಎರಡೂ ಸರಿಸಮ ಕೇಳಿಸಿದರೆ ವಿಮಾನ ನೆಟ್ಟಗೆ ನಡುಗೆರೆಯ ಮೇಲಿದೆ ಎಂದರ್ಥ. ಆಗಷ್ಟೇ ಇಳಿದ ವಿಮಾನ ಇನ್ನೂ ರನ್‌ವೇ ಮೇಲೋ ಅದರ ಪಕ್ಕದಲ್ಲೋ ತೆವಳುತ್ತಿದ್ದರೆ ಅದರ ಎತ್ತರದ ಬಾಲದ ಲೋಹಕ್ಕೆ ಈ ಸಂಕೇತ ಬಡಿದು ಚದುರುತ್ತದೆ. ಹಿಂದೆ ಬರುವವನ ಯಂತ್ರದಲ್ಲಿ ನಡುಗೆರೆಯೇ ಅತ್ತಿತ್ತ ಬಾಗಿದಂತೆ ತೋರುತ್ತದೆ. ಬಿಸಿಲಿದ್ದರೆ ಪೈಲಟ್ ಕಣ್ಣೆತ್ತಿ ನೋಡಿ ಸರಿಮಾಡಿಕೊಳ್ಳುತ್ತಾನೆ. ಮಂಜಿನಲ್ಲಿ ಆಟೊಪೈಲಟ್ ಆ ಸಂಕೇತವನ್ನೇ ನಂಬಿ ಚಕ್ರ ಊರುತ್ತದೆ. ಆದುದರಿಂದ ಹಿಂದಿನವನು ಇನ್ನೂ ನಾಲ್ಕು ಕಿಲೋಮೀಟರ್ ಆಸುಪಾಸು ದೂರವಿರುವಾಗಲೇ ಮುಂದಿನವನು ಆ ಸೂಕ್ಷ್ಮ ಪ್ರದೇಶವನ್ನು ಪೂರ್ತಿ ಬಿಟ್ಟಿರಬೇಕು. ಅವನಾದರೂ ಹೊರಹೋಗುವ ತಿರುವು ಕಾಣದೆ ದೀಪ ಹುಡುಕುತ್ತ ನಿಧಾನ ಸಾಗುತ್ತಿರುತ್ತಾನೆ. ಗೋಪುರದವರಿಗೂ ಅವನು ಕಾಣುವುದಿಲ್ಲ. 'ಬಿಟ್ಟೆ' ಎಂಬ ಮಾತು ಕಿವಿಗೆ ಬೀಳಬೇಕು, ಇಲ್ಲವೇ ನೆಲದ ರಾಡಾರ್‌ನಲ್ಲಿ ಕಾಣಬೇಕು.

ಇದರ ಫಲವಾಗಿ ತಾಸಿಗೆ ಇಳಿಯುವ ವಿಮಾನಗಳ ಸಂಖ್ಯೆ ಕುಸಿಯುತ್ತದೆ. ಮುಂಜಾನೆಯ ಎಲ್ಲ ವಿಮಾನಗಳೂ ಒಟ್ಟಿಗೆ ಬಂದು ಮೇಲೆ ಸುತ್ತತೊಡಗುತ್ತವೆ. ಒಬ್ಬನಿಗೆ ಇಂಧನದ ಚಿಂತೆ, ಇನ್ನೊಬ್ಬನಿಗೆ ಡ್ಯೂಟಿ ಅವಧಿ ಮುಗಿಯುವ ಚಿಂತೆ, ಮತ್ತೊಬ್ಬ ಚೆನ್ನೈಗೆ ತಿರುಗಲು ಅನುಮತಿ ಕೇಳುತ್ತಾನೆ. ಎಲ್ಲವೂ ಒಂದೇ ರೇಡಿಯೋ ತರಂಗದಲ್ಲಿ. ಅಂತರ ತಪ್ಪುವ ಗಂಡಾಂತರ ಹುಟ್ಟುವುದು ಈ ದಟ್ಟಣೆಯಲ್ಲಿ.

ದೇವನಹಳ್ಳಿಯ ದಕ್ಷಿಣ ರನ್‌ವೇ 2019ರ ಡಿಸೆಂಬರ್‌ನಲ್ಲಿ ಬಳಕೆಗೆ ಬಂತು. 2021ರ ಹೊಸ ವರ್ಷದ ಹೊತ್ತಿಗೆ ಅದಕ್ಕೆ ದಟ್ಟ ಮಂಜಿನಲ್ಲೂ ಐಎಲ್‌ಎಸ್ ನಂಬಿ ಇಳಿಯಬಹುದಾದ ಕ್ಯಾಟ್ 3ಬಿ ದರ್ಜೆ ಸಿಕ್ಕಿತು. ದಕ್ಷಿಣ ಭಾರತದಲ್ಲಿ ಅದೇ ಮೊದಲು. 550 ಮೀಟರಿನ ಜಾಗದಲ್ಲಿ 50 ಮೀಟರ್ ಕಂಡರೂ ಇಳಿಯಬಹುದು, 125 ಮೀಟರ್ ಕಂಡರೆ ಏರಬಹುದು.

ರಾಡಾರ್, ಟಿಕ್ಯಾಸ್‌ನಂಥ ಯಂತ್ರಗಳಿದ್ದರೂ ಬೆಂಗಳೂರಿನ ಆಕಾಶದಲ್ಲಿ ಕನಿಷ್ಠ ಎರಡು ಸಲ ಅಂತರ ಕೈತಪ್ಪಿತು. 2018ರ ಜುಲೈ 10ರಂದು ಇಂಡಿಗೋದ ಎರಡು ವಿಮಾನಗಳು, ಒಂದು ಕೊಯಮತ್ತೂರಿನಿಂದ ಹೈದರಾಬಾದಿಗೆ, ಇನ್ನೊಂದು ಬೆಂಗಳೂರಿನಿಂದ ಕೊಚ್ಚಿಗೆ ಹಾರುವಾಗ ಒಂದು 27,300 ಅಡಿಯಲ್ಲಿ, ಇನ್ನೊಂದು 27,500 ಅಡಿಯಲ್ಲಿ ಎದುರಾದವು. ಸಾವಿರ ಅಡಿ ಇರಬೇಕಾದ ಕಡೆ ಉಳಿದದ್ದು ಇನ್ನೂರು. ಎರಡರಲ್ಲೂ ಸೇರಿ 328 ಪ್ರಯಾಣಿಕರಿದ್ದರು. ಟಿಕ್ಯಾಸ್ ಕೂಗಿತು, ಪೈಲಟ್‌ಗಳು ಸರಿದರು. ಚರ್ಖಿ ದಾದ್ರಿಯ ಹೊಲಗಳಲ್ಲಿ ಸತ್ತವರ ಋಣ ಎನ್ನಬೇಕು.

ಎರಡನೆಯದು ನೆಲಕ್ಕೆ ಹೆಚ್ಚು ಹತ್ತಿರ. 2022ರ ಜನವರಿ 7ರ ಬೆಳಿಗ್ಗೆ ದೇವನಹಳ್ಳಿಯಲ್ಲಿ ಉತ್ತರ ರನ್‌ವೇ ಏರುವವರಿಗೆ, ದಕ್ಷಿಣದ್ದು ಇಳಿಯುವವರಿಗೆ ಎಂದು ನಡೆದಿತ್ತು. ನಡುವೆ, ಎರಡಕ್ಕೂ ಉತ್ತರದ ಒಂದನ್ನೇ ಬಳಸೋಣ ಎಂದು ಪಾಳಿಯ ಮೇಲ್ವಿಚಾರಕರು ತೀರ್ಮಾನಿಸಿದರು. ದಕ್ಷಿಣ ರನ್‌ವೇ ಮುಚ್ಚಿತು. ಮುಚ್ಚಿದ ಸುದ್ದಿ ದಕ್ಷಿಣದ ಗೋಪುರ ನೋಡಿಕೊಳ್ಳುತ್ತಿದ್ದ ಕಂಟ್ರೋಲರ್‌ಗೆ ಮುಟ್ಟಲಿಲ್ಲ. ಅವರು ಭುವನೇಶ್ವರದ ವಿಮಾನಕ್ಕೆ ದಕ್ಷಿಣದಿಂದ ಏರಲು ಬಿಟ್ಟರು. ಅದೇ ಹೊತ್ತಿಗೆ ಉತ್ತರದವರು ಕೋಲ್ಕತ್ತಾದ ವಿಮಾನಕ್ಕೆ ಏರಲು ಬಿಟ್ಟರು. ಎರಡೂ ಇಂಡಿಗೋದವೇ. ಎರಡೂ ನೆಲ ಬಿಟ್ಟು ಒಂದೇ ದಿಕ್ಕಿಗೆ, ಒಂದರತ್ತ ಒಂದು ವಾಲುತ್ತ ಸಾಗಿದವು. ಅಪ್ರೋಚ್ ರಾಡಾರ್ ಮುಂದೆ ಕುಳಿತಿದ್ದ ಕಂಟ್ರೋಲರ್ ಅದನ್ನು ಕಂಡು ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ತಿರುಗಿಸಿದರು. ಪ್ರಯಾಣಿಕರಿಗೆ ಏನೂ ತಿಳಿಯಲಿಲ್ಲ. ಯಾವ ಲಾಗ್‌ಬುಕ್ಕಿನಲ್ಲೂ ಇದು ದಾಖಲಾಗಿರಲಿಲ್ಲ ಎಂಬುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಪ್ರಾಥಮಿಕ ವರದಿಯಿಂದ ಹೊರಬಿತ್ತು. ಆಮೇಲೆ ವಿಮಾನ ಅಪಘಾತ ತನಿಖಾ ಸಂಸ್ಥೆ ಪ್ರಕರಣವನ್ನು ಕೈಗೆತ್ತಿಕೊಂಡಿತು. ಕ್ರಾಯ್ಡನ್‌ನ ಗುಂಡುಸೂಜಿಯಿಂದ ಉಪಗ್ರಹದವರೆಗೆ ಬಂದ ವ್ಯವಸ್ಥೆ ಅವತ್ತು ಪಕ್ಕದ ಮೇಜಿನವನಿಗೆ ಹೇಳಬೇಕಿದ್ದ ಒಂದು ವಾಕ್ಯದ ಮೇಲೆ ನಿಂತಿತ್ತು.

ಕುಷ್ಟಗಿ ಈಗ ಸೇರಿರುವ ಕೊಪ್ಪಳ ಜಿಲ್ಲೆಯ ಕಡೆಗೆ ಮರಳಿದರೆ, ಇಲ್ಲಿ ಗಿಣಿಗೇರಾ ಸಮೀಪದ ಬಸಾಪುರದಲ್ಲಿ ಎಂಎಸ್‌ಪಿಎಲ್ ಕಂಪನಿಯ ಖಾಸಗಿ ಏರ್‌ಸ್ಟ್ರಿಪ್ ಇದೆ. ಸಣ್ಣ ಊರುಗಳಿಗೆ ವಿಮಾನ ಒಯ್ಯುವ ಉಡಾನ್ ಯೋಜನೆಯ ಮಾತು ಬಂದಾಗಲೆಲ್ಲ ಅದರ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ. ಕಣ್ಣಳತೆಯಲ್ಲೇ ಹಾರುವ ಇಂಥ ಕಡೆ ಐದು ಕಿಲೋಮೀಟರ್ ಕಾಣುವ ಹವೆ ಬೇಕು. ಮಂಜಿದ್ದರೆ ಹಾರಾಟವೇ ಇಲ್ಲ, ಆದ್ದರಿಂದ ಅಂತರದ ತಕರಾರೂ ಇಲ್ಲ. ಪಕ್ಕದ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ 2017ರ ಸೆಪ್ಟೆಂಬರ್‌ನಲ್ಲಿ ಟ್ರೂಜೆಟ್ ಕಂಪನಿ ಉಡಾನ್ ವಿಮಾನ ಶುರು ಮಾಡಿತು. ಕುಷ್ಟಗಿ, ಯಲಬುರ್ಗಾ ಕಡೆಯವರು ವಿಮಾನ ಹತ್ತಬೇಕಾದರೆ ಅಲ್ಲಿಗೋ ಹುಬ್ಬಳ್ಳಿಗೋ ಹೋಗುವುದು.

ಈ ಸಣ್ಣ ಊರುಗಳ ಮಾರ್ಗದಲ್ಲಿ ಹೆಚ್ಚಾಗಿ ಓಡಿದ್ದು ಎಟಿಆರ್. ಪಂಖದ ಎಂಜಿನ್, ಎಪ್ಪತ್ತು ಸೀಟಿನ ಆಸುಪಾಸು, ಚಿಕ್ಕ ರನ್‌ವೇಗೂ ಒಗ್ಗುವ ವಿಮಾನ. ಆದರೆ ಕ್ಯಾಟ್ 3ಬಿಯಲ್ಲಿ ತಾನೇ ಇಳಿಯುವ ಯಂತ್ರ ಅದರಲ್ಲಿಲ್ಲ. ದೇವನಹಳ್ಳಿಯಲ್ಲಿ ನೂರು ಮೀಟರ್ ಮಾತ್ರ ಕಾಣುವ ಮುಂಜಾನೆ ದೆಹಲಿಯಿಂದ ಬಂದ ಏರ್‌ಬಸ್ ಮಂಜಿನೊಳಗೆ ಮುಳುಗಿ ಇಳಿದುಹೋಗುತ್ತದೆ. ಉತ್ತರ ಕರ್ನಾಟಕದಿಂದ ಹೊರಟ ಎಟಿಆರ್ ಮೇಲೆ ಸುತ್ತುತ್ತಿರುತ್ತದೆ ಅಥವಾ ಹೊರಡುವ ಊರಲ್ಲೇ ಅದನ್ನು ನಿಲ್ಲಿಸಿಕೊಂಡಿರುತ್ತಾರೆ. ಕಂಟ್ರೋಲರ್ ಮುಂದಿನ ಸಾಲಿನಲ್ಲಿ ಅದು ಎಲ್ಲರಿಗಿಂತ ಮೊದಲು ಬಂದಿದ್ದರೂ ಅದನ್ನು ಬದಿಗಿಟ್ಟು ಇಳಿಯಬಲ್ಲವರನ್ನು ಮುಂದೆ ಬಿಡಬೇಕಾಗುತ್ತದೆ. ಹಾಗೆ ಸಾಲು ಬದಲಾದಾಗಲೆಲ್ಲ ಹಿಂದು ಮುಂದಿನ ಅಂತರವನ್ನು ಮತ್ತೆ ಲೆಕ್ಕ ಹಾಕಬೇಕು. ಬಿಸಿಲು ಏರಿ ಕಾಣುವ ದೂರ 550 ಮೀಟರ್ ದಾಟಿದರೆ ಎಟಿಆರ್‌ಗೆ ಚಿಂತೆಯಿಲ್ಲದೆ ಸರದಿ ಸಿಗುತ್ತದೆ. ಡಿಸೆಂಬರ್‌ನಲ್ಲಿ ಅದು ಎಂಟು ಗಂಟೆಗೂ ಆಗಬಹುದು, ಒಂಬತ್ತಕ್ಕೂ ಆಗಬಹುದು.